ಬಾಗಿಲಲ್ಲಿ ಗೆದ್ದ ರೊಟ್ಟಿ

ಮದುವೆ ರೊಟ್ಟಿಯನ್ನು ಕಂಡು ನಗುವವರು ಲೋಕದಲ್ಲಿ ಇದ್ದಾರೆಂದು ಬಾಲ್ಬಿನಾಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಆಗಷ್ಟೇ ಬೆಳಕು ಹರಿದಿತ್ತು. ಭಟ್ಟಿಯಿಂದ ತೆಗೆದ ರೊಟ್ಟಿ ಮೇಜಿನ ಮೇಲೆ ಆರುತ್ತಿತ್ತು. ಮೊರದಷ್ಟು ಅಗಲ, ನಡುವೆ ಬಳೆಯಂಥ ತೂತು, ಜಡೆ ಹೆಣೆದ ಹಾಗೆ ಹೆಣೆದ ಮೈ, ಮೇಲೆ ಮೊಟ್ಟೆಯ ಹೊಳಪು, ಸಕ್ಕರೆಯ ಹರಳು. ಬೆಟ್ಟದ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಇಳಿದು ಬಂದ ಗಂಡಸೊಬ್ಬ ಬಾಗಿಲಲ್ಲಿ ನಿಂತು, ಟೋಪಿ ತೆಗೆದು, "ಅದೇನು?" ಎಂದು ಕೇಳಿದ.

"ರೆಗೆಯ್ಫ," ಅಂದಳು ಬಾಲ್ಬಿನಾ. "ನಾಳೆ ಮದುವೆ ಇದೆ."

ಅವನು ನಕ್ಕುಬಿಟ್ಟ.

"ಏನ್ರೀ ನಗು? ಮದುಮಗಳ ರೊಟ್ಟಿ ಅದು. ಅದರ ಮೇಲೆ ನಕ್ಕರೆ ಆ ಮನೆಗೆ ಒಳ್ಳೇದಾಗಲ್ಲ."

"ತಪ್ಪಾಯ್ತು. ನಮ್ಮ ಕಡೆ ರೆಗಾಯ್ಫ ಅಂದ್ರೆ ಕಲ್ಲು."

"ಕಲ್ಲಾ?"

"ಎಣ್ಣೆ ಗಾಣದ್ದು. ಗುಂಡಗಿರುತ್ತೆ, ಅಂಚಿಗೆ ಕಾಲುವೆ ಕೊರೆದಿರ್ತಾರೆ. ಅರೆದ ಆಲಿವ್ ಕಾಯನ್ನ ಅದರ ಮೇಲೆ ಚಾಪೆಚಾಪೆಯಾಗಿ ಪೇರಿಸಿ ಮೇಲಿಂದ ಒತ್ತಿದ್ರೆ ಎಣ್ಣೆ ಆ ಕಾಲುವೇಲಿ ಹರಿಯುತ್ತೆ."

"ಅಂದ್ರೆ ರಾತ್ರಿಯೆಲ್ಲ ನಿದ್ದೆಗೆಟ್ಟು ನಾನು ಕಲ್ಲು ಬೇಯಿಸಿದೀನಿ ಅಂತೀರಿ."

ಒಳಗಿನಿಂದ ಹಿಟ್ಟು ನಾದುತ್ತಿದ್ದ ಎರುಂದಿನಾ ಚಿಕ್ಕಮ್ಮನ ದನಿ ಬಂತು: "ಹಲ್ಲು ಗಟ್ಟಿ ಇದ್ರೆ ಕಚ್ಚಿ ನೋಡಲಿ ಬಿಡೇ!"

ಅವನು ಮತ್ತೆ ನಕ್ಕ. ಆದರೆ ಆ ನಗು ಅರ್ಧಕ್ಕೇ ನಿಂತಿತು. ಬಾಯಿ ನಕ್ಕಿತು, ಕಣ್ಣು ನಗಲಿಲ್ಲ. ಬಾಲ್ಬಿನಾ ಅದನ್ನು ಕಂಡಳು. ಕಂಡೂ, ರೊಟ್ಟಿ ಬಿಟ್ಟು ಅವನ ಕಣ್ಣನ್ನೇಕೆ ನೋಡುತ್ತಿದ್ದೇನೆ ಎಂದು ತನ್ನನ್ನೇ ಬೈದುಕೊಂಡಳು.

ಅವನ ಹೆಸರು ಹಿನೆಸ್. ದಕ್ಷಿಣದ ಹಯೇನ್ ಸೀಮೆಯವನು, ಗಣಿಯಲ್ಲಿ ನೀರೆತ್ತುವ ಪಂಪುಗಳ ರಿಪೇರಿಯವನು. ಅವನ ಮಾತು ಸ್ಪ್ಯಾನಿಷ್, ಅವಳದು ಉತ್ತರದ ನಮ್ಮ ಗಲೀಸಿಯಾದ ಮಾತು. ಎರಡೂ ಅಕ್ಕತಂಗಿಯರ ಹಾಗೆ. ಮುಖ ಬೇರೆ, ದನಿ ಒಂದೇ. ಒಬ್ಬರದು ಒಬ್ಬರಿಗೆ ತಿಳಿಯುತ್ತಿತ್ತು. ತಿಳಿಯದ್ದನ್ನು ಕೇಳುವ ನೆಪವೂ ಇರುತ್ತಿತ್ತು.

ಮಾರನೆಯ ಬೆಳಿಗ್ಗೆಯೂ ಅವನು ಬಂದ, ಅದರ ಮಾರನೆಯ ಬೆಳಿಗ್ಗೆಯೂ. ಗಣಿಯವರ ಬಿಡಾರಕ್ಕೆ ಇನ್ನೊಂದು ಭಟ್ಟಿ ಹತ್ತಿರವಿತ್ತು. ಅದನ್ನು ದಾಟಿಕೊಂಡು ಬರುತ್ತಿದ್ದ.

"ಆ ಭಟ್ಟಿಯವರ ರೊಟ್ಟಿ ಚೆನ್ನಾಗಿಲ್ವಾ?" ಎಂದು ಬಾಲ್ಬಿನಾ ಕೇಳಿದರೆ,

"ಚೆನ್ನಾಗಿದೆ. ಆದ್ರೆ ಅಲ್ಲಿ ಯಾರೂ ಬೈಯಲ್ಲ," ಅನ್ನುತ್ತಿದ್ದ.

ಚಿಕ್ಕಮ್ಮನಿಗೆ ಮಾತ್ರ ಆ ಕಲ್ಲಿನ ಸಂಗತಿ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಭಾನುವಾರ ಪೂಜೆ ಮುಗಿಸಿ ಪಾದ್ರಿಯನ್ನೇ ಕೇಳಿ ಬಂದಳು. ಎರಡೂ ಒಂದೇ ತಾಯಿಯ ಮಕ್ಕಳು ಅಂದರಂತೆ ಅವರು. ಅರಬ್ಬರು ಈ ದೇಶ ಆಳುತ್ತಿದ್ದ ಕಾಲದಲ್ಲಿ ಅವರ ಮಾತಿನಲ್ಲಿ ದುಂಡನೆಯ ರೊಟ್ಟಿಗೆ ರಗೀಫ್ ಎಂದು ಹೆಸರಿತ್ತಂತೆ. ದಕ್ಷಿಣದ ಗಾಣದವರು ರೊಟ್ಟಿಯ ಹಾಗೆ ದುಂಡಗಿದೆ ಎಂದು ಕಲ್ಲಿಗೆ ಆ ಹೆಸರು ಹಚ್ಚಿದರು. ನಮ್ಮವರು ಮದುವೆ ರೊಟ್ಟಿಗೆ ಇಟ್ಟರು. ಆಮೇಲೆ ಆ ರೊಟ್ಟಿ ಗೆಲ್ಲುವುದಕ್ಕೆ ಹಾಡುವ ಹಾಡಿಗೂ ಅದೇ ಹೆಸರಾಯಿತು.

"ಅರಬ್ಬರ ಹೆಸರಾ! ಪ್ರತಿ ಮದುವೇಲೂ ನೀವೇ ಅದಕ್ಕೆ ಆಶೀರ್ವಾದ ಮಾಡ್ತೀರಲ್ಲ ಸ್ವಾಮಿ ಅಂದೆ," ಅಂದಳು ಚಿಕ್ಕಮ್ಮ, ಹಿಟ್ಟಿನ ಕೈ ಆಡಿಸುತ್ತ. "ಅದಕ್ಕೆ ಅವರೇನಂದ್ರು ಗೊತ್ತಾ? ರೊಟ್ಟಿಗೆ ಹಸಿವು ಗೊತ್ತು ಎರುಂದಿನಾ, ಜಾತಿ ಗೊತ್ತಿಲ್ಲ. ನನ್ನ ಪಾಲು ಮಾತ್ರ ಮರೀಬೇಡ ಅಂದ್ರು."

"ನಮ್ಮಲ್ಲಿ ಕಲ್ಲಾಯ್ತು, ನಿಮ್ಮಲ್ಲಿ ಹಾಡಾಯ್ತು," ಎಂದ ಹಿನೆಸ್. "ಒಂದೇ ಮಾತು. ಹೋದ ದಾರಿ ನೋಡಿ."

ಅವನು ಮಾತಿನ ರುಚಿ ಬಲ್ಲವನು ಎಂದು ಬಾಲ್ಬಿನಾಳಿಗೆ ಗೊತ್ತಾದದ್ದು ಹೀಗೆ. ಅವಳು ಸುಮ್ಮನೆ ಬಿಡುವವಳಲ್ಲ. ಆ ಸೀಮೆಯಲ್ಲಿ ರೆಗೆಯ್ಫ ಹಾಡುವ ಹೆಂಗಸರು ತೀರ ಕಡಿಮೆ. ಇವಳನ್ನು ಸೋಲಿಸಿದ ಗಂಡಸರು ಅದಕ್ಕಿಂತ ಕಡಿಮೆ.

"ನೀವು ಹಾಡ್ತೀರಿ ಅಲ್ವಾ?"

"ಇಲ್ಲ."

"ಸುಳ್ಳು. ಮಾತಾಡುವಾಗ ಕೊನೇ ಪದ ತೂಗಿ ಇಡ್ತೀರಿ."

"ಹಾಡ್ತಿದ್ದೆ. ಈಗಿಲ್ಲ."

"ಮುಚ್ಚಿಟ್ಟ ರೊಟ್ಟಿ ಬೂಸಲು ಹಿಡಿಯುತ್ತೆ, ಗೊತ್ತಾ? ಗಂಟಲೂ ಹಾಗೇನೇ." ಹೀಗೆ ಅಂದು, ಅವನ ಕಡೆ ಓರೆಯಾಗಿ ನೋಡಿ, ನೋಡಿದ್ದು ಅವನಿಗೆ ತಿಳಿಯಿತೆಂದು ಗೊತ್ತಾಗಿ, ಸುಮ್ಮಸುಮ್ಮನೆ ಹಿಟ್ಟಿನ ಮೇಜು ಒರೆಸತೊಡಗಿದಳು.

ದಿನ ಬಿಟ್ಟು ದಿನ ಕೆಣಕಿದಳು. ಒಂದು ಬೆಳಿಗ್ಗೆ, ಚಿಕ್ಕಮ್ಮ ಬಾವಿಗೆ ಹೋಗಿದ್ದಾಗ, ಅವನು ಭಟ್ಟಿಯ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಹೇಳಿಬಿಟ್ಟ.

ಅಪ್ಪನ ಗಾಣ. ಅವನಿಗಿನ್ನೂ ಮೀಸೆ ಮೂಡುತ್ತಿದ್ದ ವಯಸ್ಸು. ತಿರುಪಿನ ಕಂಬ ನೂಕುತ್ತ ಸುತ್ತು ಬರುವುದು ಅವನ ಕೆಲಸ. ತಮ್ಮ ಕ್ರಿಸಾಂತೋ ಕಲ್ಲಿನ ಹತ್ತಿರ ನಿಂತು ಚಾಪೆಗಳನ್ನು ಸರಿಮಾಡುವವನು. ಹಿನೆಸ್ ಹಾಡುತ್ತಿದ್ದ. ಪದ್ಯ ಕಟ್ಟುವುದರಲ್ಲಿ ಮುಳುಗಿಹೋಗಿದ್ದ. ತಮ್ಮ ಕೂಗಿದ. ತನ್ನ ಹಾಡಿಗೆ ದನಿ ಸೇರಿಸಿದ ಎಂದುಕೊಂಡು ಹಿನೆಸ್ ಇನ್ನಷ್ಟು ಜೋರಾಗಿ ಹಾಡಿದ, ಇನ್ನಷ್ಟು ಜೋರಾಗಿ ನೂಕಿದ.

"ಬಲಗೈ," ಅಂದ ಹಿನೆಸ್. "ಆ ಕಲ್ಲಿನ ಹೆಸರೇ ರೆಗಾಯ್ಫ. ಅವತ್ತು ನಿಮ್ಮ ರೊಟ್ಟಿ ನೋಡಿ ನಾನು ನಕ್ಕಿದ್ದು ನಗು ಬಂದು ಅಲ್ಲ."

ಬಾಲ್ಬಿನಾ ಅವನ ಪಕ್ಕದಲ್ಲಿ ಕುಳಿತಳು. ಬೆಂಕಿಯ ಬೆಳಕು ಇಬ್ಬರ ಮುಖದ ಮೇಲೂ ಇತ್ತು. "ಈ ಮಾತು ಈ ಭಟ್ಟಿಯ ಬಾಯಿ ದಾಟಲ್ಲ," ಅಂದಳು. ಮನಸ್ಸಿಟ್ಟು ಅಂದ ಮಾತು ಅದು.

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಅವಳು ನಿಲ್ಲಿಸಲಿಲ್ಲ. "ಆದ್ರೂ ಒಂದೇ ಒಂದು ಸಲ ಹಾಡಿ. ಮುಂದಿನ ತಿಂಗಳು ನನ್ನ ದೊಡ್ಡಪ್ಪನ ಮಗಳ ಮದುವೆ. ನನ್ನೆದುರಿಗೆ ನಿಲ್ಲಿ. ಆಟ ಅಷ್ಟೇ. ನಾನಿರ್ತೀನಲ್ಲ."

'ನಾನಿರ್ತೀನಲ್ಲ' ಎಂಬ ಆ ಮಾತು ಆಮೇಲೆ ಎಷ್ಟೋ ರಾತ್ರಿ ಬಂದು ಅವಳ ನಿದ್ದೆ ಕೆಡಿಸಿತು.

ಮದುವೆ ದಿನ ಊಟ ಮುಗಿಯಿತು. ಮದುಮಗಳ ಧರ್ಮತಾಯಿ, ಅಂದರೆ ಹುಟ್ಟಿದಾಗ ಚರ್ಚಿನಲ್ಲಿ ಅವಳ ಹೊಣೆ ಹೊತ್ತವಳು, ರೊಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ಬಾಗಿಲಿಗೆ ಬಂದಳು. ನೆಂಟರು ಬಾಗಿಲ ಒಳಗೆ, ಕರೆಯದೆ ಬಂದವರು ಹೊರಗೆ. ಒಳಗಿನವರ ಕಡೆಗೆ ಬಾಲ್ಬಿನಾ, ಹೊರಗಿನವರ ಕಡೆಗೆ ಹಿನೆಸ್. ಆಗಿಂದಾಗ ಕಟ್ಟಿದ ಪದ್ಯದಲ್ಲೇ ಜಗಳ ಆಡಬೇಕು. ಒಬ್ಬರು ಬಿಳಿ ಅಂದರೆ ಇನ್ನೊಬ್ಬರು ಕಪ್ಪು ಅನ್ನಲೇಬೇಕು. ಎದುರಿನವರು ಹೇಳಿದ್ದಕ್ಕೆ ಹೂಂಗುಟ್ಟುವ ಹಾಗಿಲ್ಲ. ಮೊದಲು ಮಾತು ಕಟ್ಟಿಹೋದವರು ಸೋತರು. ಗೆದ್ದವರು ರೊಟ್ಟಿ ಕುಯ್ದು ಹಂಚುತ್ತಾರೆ, ಮೊದಲ ತುಂಡು ಸೋತವರಿಗೆ.

ಬಾಲ್ಬಿನಾಳಿಗೆ ಹಾಡು ಕಲಿಸಿದ ಮಿಂಗೋಸ್ ಅಜ್ಜ ಹೊಸ್ತಿಲ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು.

ಬಾಲ್ಬಿನಾ ಶುರುಮಾಡಿದಳು:

ಬೆಣ್ಣೆಯ ನಾಡಿಗೆ ಬಂದವರೆ,
ಎಣ್ಣೆಯ ಜಂಬವ ತಂದವರೆ,
ಕಣ್ಣಲ್ಲಿ ನೋಡಿ ನೋಡಿಯೇ ನಮ್ಮ
ತಣ್ಣನೆ ರೊಟ್ಟಿಯ ತಿಂದವರೆ!

ಜನ ಕೇಕೆ ಹಾಕಿದರು. ಹಿನೆಸ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. ದನಿ ಮೊದಲು ತಡವರಿಸಿತು, ಆಮೇಲೆ ಕಟ್ಟು ಬಿಚ್ಚಿದ ನೀರಿನ ಹಾಗೆ ಬಂತು:

ಹಸಿದು ಬಂದೆನು ಒಲೆಯ ಬಳಿಗೆ,
ಬಿಸಿಗೆ ಬಂದೆನು ಬೆಳಗಿನ ಚಳಿಗೆ;
ಹೊಸತು ರೊಟ್ಟಿಯ ಕೈಗೆ ಕೊಟ್ಟವಳೆ,
ಮುಸಿಮುಸಿ ನಕ್ಕದ್ದು ಯಾರ ಕಡೆಗೆ?

"ಎಲಾ ಇವನ!" ಅಂದ ಯಾರೋ. ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು. ಬಾಲ್ಬಿನಾಳ ಕೆನ್ನೆ ಭಟ್ಟಿಯ ಮುಂದೆ ನಿಂತ ಹಾಗೆ ಕಾದಿತು. ಇಷ್ಟು ಚೆನ್ನಾಗಿ ಹಾಡುವವನು ಇಷ್ಟು ವರ್ಷ ಹೇಗೆ ಸುಮ್ಮನಿದ್ದ! ಅವಳು ಒಂದೆಂದರೆ ಅವನು ಒಂದೆಂದ. ಎಣ್ಣೆ ಮೇಲೋ ಬೆಣ್ಣೆ ಮೇಲೋ, ಬಿಸಿಲು ಮೇಲೋ ಮಂಜು ಮೇಲೋ. ಅವಳು ಸೋಲುತ್ತಿದ್ದಳು, ಸೋಲುವುದರಲ್ಲೂ ಒಂದು ಸುಖವಿತ್ತು.

ಆಗ ಅವನು ಹಾಡಿದ:

ಊರ ಮದುವೆಗೆಲ್ಲ ರೊಟ್ಟಿಯ ಸುಟ್ಟೆ,
ಯಾರ ಯಾರದೋ ಕೈಯಲ್ಲಿ ಕೊಟ್ಟೆ;
ತೀರಿತೆ ಹಿಟ್ಟು, ಆರಿತೆ ಒಲೆಯು,
ದೂರ ನಿನ್ನದನ್ನೇಕೆ ಇಟ್ಟೆ?

ಅವನಿಗೆ ಗೊತ್ತಿರಲಿಲ್ಲ. ಅವಳ ಮದುವೆ ಒಮ್ಮೆ ನಿಶ್ಚಯವಾಗಿತ್ತೆಂದು, ಗಂಡು ಹಡಗು ಹತ್ತಿ ಬ್ಯೂನಸ್ ಐರಿಸ್‌ಗೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡನೆಂದು ಊರಿಗೆಲ್ಲ ಗೊತ್ತು. ಅದಕ್ಕೇ ಯಾವ ಹಾಡುಗಾರನೂ ಅವಳೆದುರು ಆ ತಂತಿ ಮೀಟುತ್ತಿರಲಿಲ್ಲ. ಪರಊರವನು ಮೀಟಿದ. ಜನ ಉಸಿರು ಹಿಡಿದು, ಆಮೇಲೆ ಹೋ ಎಂದು ನಕ್ಕರು. ಹೊರಗಿನವರು ನಕ್ಕರು, ಒಳಗಿನವರೂ ನಕ್ಕರು. ಅವಳದೇ ನೆಂಟರು, ಅವಳ ಕೈರೊಟ್ಟಿ ತಿಂದವರು.

ಬಾಲ್ಬಿನಾಳ ಕಣ್ಣು ಕತ್ತಲೆಗಟ್ಟಿತು. ಬಾಯಿ ತಾನಾಗಿ ತೆರೆಯಿತು:

ಹಾಡುತ ಒತ್ತಿದೆ ಎಣ್ಣೆಯ ಕಲ್ಲು,
ಕೂಡಲೆ ನುರಿಯಿತು ತಮ್ಮನ ಬೆರಳು;
ಹಾಡಿಗೆ ತಮ್ಮನ ಕೈ ಕೊಟ್ಟವನೆ,
ಬೇಡಲು ಬಂದೆಯ ನನ್ನಯ ಕೊರಳು?

ಪದ್ಯ ಅಚ್ಚುಕಟ್ಟಾಗಿ ಬಂದಿತ್ತು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅರ್ಥವಾಗದವರು ಚಪ್ಪಾಳೆ ತಟ್ಟಿದರು. ಅರ್ಥವಾದ ಗಣಿಯವರು ಹಿನೆಸ್‌ನ ಮುಖ ನೋಡಿದರು. ಅಲ್ಲಿ ನೋಡುವುದಕ್ಕೆ ಏನೂ ಉಳಿದಿರಲಿಲ್ಲ.

ಅವನು ಬಾಯಿ ತೆರೆದ. ಮುಚ್ಚಿದ. ತಲೆ ಬಾಗಿಸಿದ.

"ಗೆದ್ದಳು, ಬಾಲ್ಬಿನಾ ಗೆದ್ದಳು!" ಧರ್ಮತಾಯಿ ರೊಟ್ಟಿಯನ್ನು ಅವಳ ಕೈಗಿಟ್ಟಳು. ಮೊದಲ ತುಂಡು ಸೋತವನಿಗೆ. ಅವಳು ಅದನ್ನು ಕುಯ್ದು ಅವನ ಮುಂದೆ ಹಿಡಿದಳು. ಬೇಡ ಅಂದರೆ ಮದುಮಗಳಿಗೆ ಅವಮಾನ. ಅವನು ತೆಗೆದುಕೊಂಡ. ಬಾಯಿಗೆ ಇಡಲಿಲ್ಲ, ಜೇಬಿಗೆ ಇಟ್ಟುಕೊಂಡ.

"ಹಿನೆಸ್..."

"ನೀವು ಚೆನ್ನಾಗಿ ಹಾಡಿದ್ರಿ," ಎಂದು ಹೇಳಿ ದಾರಿ ಇಳಿದು ಹೋದ. ಹಾಡಿನಲ್ಲಿ 'ನೀನು' ಅಂದಿದ್ದವನು ಮತ್ತೆ 'ನೀವು' ಅಂದಿದ್ದ.

ಮಿಂಗೋಸ್ ಅಜ್ಜ ಅವಳ ತೋಳು ಹುಡುಕಿ ಹಿಡಿದುಕೊಂಡ. "ಮಗಳೇ, ಅದು ಎಲ್ಲಿ ಕೇಳಿದ ಮಾತು?"

ಅವಳು ಹಿನೆಸ್ ಇಳಿದುಹೋದ ದಾರಿಯನ್ನೇ ನೋಡುತ್ತಿದ್ದಳು.

"ಒಲೆ ಮುಂದೆ ಕೇಳಿದ್ದಾ?" ಎಂದ ಅಜ್ಜ. ಆಮೇಲೆ ತೋಳು ಬಿಟ್ಟ. ತನ್ನ ಪಾಲಿನ ರೊಟ್ಟಿಯನ್ನು ಅವನು ಪಕ್ಕದವರಿಗೆ ಕೊಟ್ಟುಬಿಟ್ಟ.

ಅವತ್ತು ಮಲಗಿದಾಗ ಹಿನೆಸ್‌ನ ಪದ್ಯ ತಾನಾಗಿ ತಿರುಗಿ ಬಂತು. 'ದೂರ ನಿನ್ನದನ್ನೇಕೆ ಇಟ್ಟೆ?' ಅವನು ಆ ಸಾಲು ಹಾಡುವಾಗ ಜನರ ಕಡೆ ನೋಡಿರಲಿಲ್ಲ, ನಕ್ಕಿರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಕೊಂಕು ಹಾಡುವವನು ಹಾಗೆ ನೋಡುವುದಿಲ್ಲ. ಕೇಳಬೇಕಾದ್ದನ್ನು ಕೇಳುವ ಧೈರ್ಯ ಸಾಲದವನು ಹಾಗೆ ನೋಡುತ್ತಾನೆ. ಅವಳು ದಿಂಬಿಗೆ ಮುಖ ಒತ್ತಿಕೊಂಡಳು.

ಕೆಟ್ಟ ಪದ್ಯ ಹಾಡಿದ ದಿನವೇ ಸಾಯುತ್ತದೆ. ಒಳ್ಳೆಯ ಪದ್ಯಕ್ಕೆ ಕಾಲು ಬರುತ್ತದೆ. ಬಾಲ್ಬಿನಾಳ ಪದ್ಯಕ್ಕೆ ಕಾಲು ಬಂತು. ಬಟ್ಟೆ ಒಗೆಯುವ ಕಟ್ಟೆಯಲ್ಲಿ ಹೆಂಗಸರು ಅದನ್ನು ಗುನುಗಿದರು. ಸಂತೆಯಲ್ಲಿ ಆಲೂಗಡ್ಡೆ ಮಾರುವವನು ಗುನುಗಿದ. ಅರ್ಥ ಯಾರಿಗೂ ಬೇಕಿರಲಿಲ್ಲ, ತಾಳ ಬೇಕಿತ್ತು. ಗಣಿಯಲ್ಲಿ ಪಂಪಿನ ಸದ್ದಿಗೆ ಸರಿಯಾಗಿ ಹೊಂದುತ್ತದೆ ಎಂದು ಅಲ್ಲೂ ಹಾಡುತ್ತಾರೆಂದು ಯಾರೋ ಮೆಚ್ಚಿಕೊಂಡು ಬಂದು ಹೇಳಿದಾಗ, ಅವಳು ಕೈಯಲ್ಲಿದ್ದ ಹಿಟ್ಟಿನ ತಟ್ಟೆ ಕೆಳಗೆ ಹಾಕಿದಳು.

"ಎಷ್ಟು ಚೆನ್ನಾಗಿ ಕಟ್ಟಿದ್ದೀ ಕಣೇ!" ಅನ್ನುತ್ತಿದ್ದರು. ಹೊಗಳಿಕೆ ಎಂಬುದು ಅಷ್ಟು ಸುಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಹಿನೆಸ್ ಬರುವುದನ್ನು ನಿಲ್ಲಿಸಿದ. ಬೆಳಗಿನ ಹೊತ್ತು ದಾರಿಯಲ್ಲಿ ಬೂಟಿನ ಸದ್ದಾದರೆ ಅವಳ ಕೈ ನಿಲ್ಲುತ್ತಿತ್ತು. ಸದ್ದು ದಾಟಿ ಹೋಗುತ್ತಿತ್ತು.

"ಹೋಗಿ ತಪ್ಪಾಯ್ತು ಅಂತ ಹೇಳು," ಎಂದಳು ಚಿಕ್ಕಮ್ಮ.

"ಹೇಳಿದ್ರೆ ಸರಿಹೋಗುತ್ತಾ?"

"ಹೋಗಲ್ಲ. ಆದ್ರೆ ಹೇಳದೆ ನೀನು ದಿನಾ ರೊಟ್ಟಿ ಸೀಯಿಸ್ತಿದ್ದೀಯ. ಗಿರಾಕಿಗಳು ನನ್ನನ್ನ ಬೈತಿದ್ದಾರೆ."

ಅವಳು ಗಣಿಯವರ ಬಿಡಾರಕ್ಕೆ ಹೋದಳು. ಹಿನೆಸ್ ಅಂಗಳದಲ್ಲಿ ಕುಳಿತು ಪಂಪಿನ ಭಾಗವೊಂದನ್ನು ಬಿಚ್ಚಿ ಒರೆಸುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ. ಮರ್ಯಾದೆ ಬಿಡುವವನಲ್ಲ.

"ತಪ್ಪಾಯ್ತು," ಅಂದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಸುರಿದುಹೋಗಿ, ಅದೊಂದೇ ಉಳಿದಿತ್ತು.

"ಪದ್ಯ ಚೆನ್ನಾಗಿತ್ತು."

"ಹಾಗನ್ನಬೇಡಿ."

"ನಿಜವಾಗ್ಲೂ. ನಾನು ಕಟ್ಟಿದ್ರೂ ಅಷ್ಟು ಚೆನ್ನಾಗಿ ಬರ್ತಿರಲಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಹಿಡಿದುಕೊಳ್ಳುವುದಕ್ಕೆ ಏನಾದರೂ ಇರುತ್ತಿತ್ತು. "ನೀವು ಹೇಳಿದ್ದರಲ್ಲಿ ಸುಳ್ಳು ಏನಿದೆ? ನಾನು ಹಾಡಿದೆ, ಅವನ ಕೈ ಹೋಯ್ತು. ಮತ್ತೆ ಹಾಡಬಾರದು ಅಂತ ಆಣೆ ಮಾಡಿದ್ದೆ. ನಿಮಗೋಸ್ಕರ ಮುರಿದೆ. ಅದು ನನ್ನ ತಪ್ಪು, ನಿಮ್ಮದಲ್ಲ."

ಅವಳು ಬಂದ ದಾರಿಯಲ್ಲೇ ವಾಪಸ್ ಹೋದಳು. ಆ ಮಾತಿಗಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು.

ಮಿಂಗೋಸ್ ಅಜ್ಜನ ಮನೆಗೂ ಹೋದಳು. ಅಜ್ಜ ಬೆಂಕಿಯ ಪಕ್ಕ ಕುಳಿತು ಬೀನ್ಸ್ ಬಿಡಿಸುತ್ತಿದ್ದ. ಕುಳಿತುಕೋ ಅನ್ನಲಿಲ್ಲ, ಅವಳೇ ಕುಳಿತಳು, ಬುಟ್ಟಿಗೆ ಕೈ ಹಾಕಿ ತಾನೂ ಬಿಡಿಸತೊಡಗಿದಳು.

"ಅವನು ಕ್ಷಮಿಸಲ್ಲ ಅಜ್ಜಾ."

"ಕ್ಷಮಿಸಿದ್ದಾನೆ, ಪಾಪ. ಅದೇ ತೊಂದರೆ." ಅಜ್ಜ ಒಂದು ಸಿಪ್ಪೆ ಬೆಂಕಿಗೆ ಹಾಕಿದ. "ನೀನು ಅವನಂಗಳಕ್ಕೆ ಹೋಗಿ ಮೆಲ್ಲಗೆ ಹೇಳಿದ್ರೆ ಯಾರಿಗೆ ಕೇಳಿಸ್ತು? ನಿನ್ನ ಪದ್ಯ ಊರೆಲ್ಲ ತಿರುಗ್ತಾ ಇದೆ. ಅಂಗಳದ ಮಾತು ಅದನ್ನ ಅಟ್ಟಿಸಿಕೊಂಡು ಹೋಗೋಕಾಗಲ್ಲ. ಬಾಗಿಲಲ್ಲಿ ಕೆಡಿಸಿದ್ದನ್ನ ಬಾಗಿಲಲ್ಲೇ ಸರಿಮಾಡಬೇಕು."

"ಅವನು ಮತ್ತೆ ನನ್ನೆದುರು ನಿಲ್ತಾನಾ?"

"ನಿಲ್ಲದೆ ಇರಬಹುದು. ಹಾಡುವವಳು ನೀನು. ಅವನು ನಿಲ್ತಾನೋ ಇಲ್ವೋ ಅಂತ ಲೆಕ್ಕ ಹಾಕ್ಕೊಂಡು ಹೋದ್ರೆ ಅದು ವ್ಯಾಪಾರ."

ಹಂದಿ ಕಡಿಯುವ ಚಳಿಗಾಲ ಬಂತು, ಹೋಯಿತು. ಕಾರ್ನಿವಲ್ ಹಬ್ಬ ಹತ್ತಿರವಾಯಿತು. ಆಮೇಲೆ ಉಪವಾಸದ ಕಾಲ. ಈಸ್ಟರ್ ಕಳೆಯುವವರೆಗೆ ಯಾರೂ ಮದುವೆ ಮಾಡುವುದಿಲ್ಲ. ಅಷ್ಟರಲ್ಲಿ ಹಿನೆಸ್ ಆಸ್ತೂರಿಯಾಸ್‌ನ ಕಲ್ಲಿದ್ದಲ ಗಣಿಗೆ ಹೋಗುತ್ತಾನಂತೆ, ಸಾಮಾನು ಕಟ್ಟಿದ್ದಾನಂತೆ ಎಂಬ ಸುದ್ದಿ ಭಟ್ಟಿಗೆ ಬಂತು. ಉಳಿದಿದ್ದದ್ದು ಒಂದೇ ಮದುವೆ, ಗಿರಣಿಯವರ ಮಗನದು. ಮದುಮಗ ಗಣಿಯಲ್ಲಿ ಕೆಲಸ ಮಾಡುವವನಾದ್ದರಿಂದ ಗಣಿಯವರೆಲ್ಲ ನೆಂಟರ ಸಾಲಿನಲ್ಲಿದ್ದರು.

ಬಾಲ್ಬಿನಾಳಿಗೆ ಕರೆಯಿರಲಿಲ್ಲ. ಕರೆಯದೆ ಬಂದವರು ಹೊರಗೆ ನಿಂತು ಹಾಡಬಹುದು, ಅದು ಅವರ ಹಕ್ಕು. ಆ ಮದುವೆಯ ರೊಟ್ಟಿ ಅವಳೇ ಸುಟ್ಟದ್ದು. ಅದನ್ನು ಹೊತ್ತು ಧರ್ಮತಾಯಿ ಬಾಗಿಲಿಗೆ ಬಂದಾಗ, ಬಾಲ್ಬಿನಾ ಜನರ ನಡುವಿನಿಂದ ಮುಂದೆ ಬಂದಳು. "ಬಂದಳಪ್ಪಾ! ಇವತ್ತು ಯಾರ ಚರ್ಮ ಸುಲೀತೀಯೇ?" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

ಒಳಗಿನ ಸಾಲಿನ ಕೊನೆಯಲ್ಲಿ ಹಿನೆಸ್ ಗೋಡೆಗೆ ಒರಗಿ ನಿಂತಿದ್ದ. ಅವಳನ್ನು ಕಂಡು ನೆಲ ನೋಡಿದ.

ಬಾಲ್ಬಿನಾ ಹಾಡಿದಳು. ಯಾವತ್ತೂ ಗಟ್ಟಿಯಾಗಿರುತ್ತಿದ್ದ ದನಿ ಅವತ್ತು ಸಣ್ಣಗಿತ್ತು. ಅದಕ್ಕೇ ಜನ ಸದ್ದಡಗಿಸಿ ಕೇಳಿದರು:

ನಂಬಿ ನುಡಿದನು ನೋವನು ಒಬ್ಬ,
ತುಂಬಿದ ಸಭೆಗದ ಮಾಡಿದೆ ಹಬ್ಬ;
ಜಂಬದ ಬಾಲ್ಬಿನಾ, ರೊಟ್ಟಿಯ ಗೆದ್ದೆ,
ನಂಬಿ ಬರುವನೆ ಇನ್ನು ಇನ್ನೊಬ್ಬ?

ನಗು ನಿಂತುಹೋಯಿತು. ಹಾಡುಗಾರರು ಎದುರಿನವರನ್ನು ಬೈಯುತ್ತಾರೆ, ಊರನ್ನು ಬೈಯುತ್ತಾರೆ, ಸರ್ಕಾರವನ್ನೂ ಬೈಯುತ್ತಾರೆ. ತನ್ನ ಹೆಸರು ಹಿಡಿದು ತನ್ನನ್ನೇ ಬೈದುಕೊಂಡವರನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಇವಳೆದುರು ನಿಲ್ಲುವುದು ಹೇಗೆ? ನಿಂತವರು ಇವಳು ಹೇಳಿದ್ದಕ್ಕೆ ಉಲ್ಟಾ ಹೇಳಬೇಕು. ಅಂದರೆ ಇವಳ ಪರವಾಗಿ ಹಾಡಬೇಕು. ಯಾರೂ ನಿಲ್ಲದಿದ್ದರೆ ಇವಳು ಗೆದ್ದಳು, ಇವಳು ತನ್ನ ಮೇಲೆ ಹೇಳಿಕೊಂಡದ್ದು ಊರಿನ ತೀರ್ಪಾಗಿ ಉಳಿಯಿತು.

"ಯಾರಾದ್ರೂ ಎದುರು ಹಾಡ್ರಪ್ಪಾ," ಎಂದಳು ಧರ್ಮತಾಯಿ, ತಲೆಯ ಮೇಲಿನ ರೊಟ್ಟಿ ಹಿಡಿದುಕೊಂಡು. "ಕುತ್ತಿಗೆ ನೋಯ್ತಿದೆ ನನಗೆ."

ಯಾರೂ ಬರಲಿಲ್ಲ. ಚಿಕ್ಕಮ್ಮ ಬಾಯಿ ತೆರೆದು ಮುಚ್ಚಿದಳು. ಹಾಡು ಅವಳಿಗೆ ಒಲಿದದ್ದಲ್ಲ. ಬಾಲ್ಬಿನಾ ಕೈಕಟ್ಟಿ ನಿಂತಿದ್ದಳು. ಅವಳು ಯಾರನ್ನೂ ನೋಡುತ್ತಿರಲಿಲ್ಲ, ಹಿನೆಸ್ ಕಡೆಗಂತೂ ಇಲ್ಲವೇ ಇಲ್ಲ.

ಒಳಗಿನ ಸಾಲು ಅಲುಗಾಡಿತು. ಗೋಡೆಯ ಹತ್ತಿರವಿದ್ದವನು ದಾರಿ ಮಾಡಿಕೊಂಡು ಹೊಸ್ತಿಲಿಗೆ ಬಂದ. ಕಸ್ತೂರಿಯ ಹಾಗೆ ಕಾಪಾಡಿಕೊಂಡಿದ್ದ ತನ್ನ ಸ್ಪ್ಯಾನಿಷ್ ಬಿಟ್ಟು, ಮುರುಕು ಮುರುಕಾದ ನಮ್ಮ ಮಾತಿನಲ್ಲೇ ಹಾಡಿದ. ಒಂದೆರಡು ಪದ ತಪ್ಪಿದವು. ಯಾರೂ ನಗಲಿಲ್ಲ.

ಕಲ್ಲನು ಒತ್ತಿದ ಕೈ ಇವಳದಲ್ಲ,
ಸೊಲ್ಲನು ನುಂಗಿ ಕೊರಗಿದೆನಲ್ಲ;
ಎಲ್ಲರ ಮುಂದೆ ಹೊರಗದು ಬಂದು
ಮೆಲ್ಲಗೆ ಎದೆಯೊಳು ಗಾಳಿ ಬಂತಲ್ಲ.

ಬಾಲ್ಬಿನಾ ಹೂಂ ಅನ್ನುವ ಹಾಗಿಲ್ಲ. ಬಾಗಿಲ ಕಟ್ಟಳೆ. ಅನ್ನುವ ಮನಸ್ಸೂ ಇರಲಿಲ್ಲ. ಅಷ್ಟು ಸುಲಭಕ್ಕೆ ಬಿಡುಗಡೆ ಅವಳಿಗೆ ಬೇಡವಾಗಿತ್ತು. ಕಣ್ಣೊರೆಸಿಕೊಂಡು ತಿರುಗಿ ಹಾಡಿದಳು:

ಗಾಳಿ ಬರಲೆಂದು ಬಾಗಿಲ ಮುರಿದರೆ
ಬಾಳುವುದೆಂತು ಆ ಮನೆಯಲ್ಲಿ?
ಕೇಳದೆ ಮುರಿದ ಕೈಯನು ನೀವು
ಹೇಳಿರಿ, ಹಿಡಿವಿರ ಕೈಯಲ್ಲಿ?

ಹಿನೆಸ್ ಬಹಳ ಹೊತ್ತು ಸುಮ್ಮನಿದ್ದ. ಸೋತ ಎಂದುಕೊಂಡರು ಜನ. ಮಿಂಗೋಸ್ ಅಜ್ಜ ಮಾತ್ರ ಕೈಯೆತ್ತಿ, ತಾಳಿ ಎಂದ. ಹಿನೆಸ್ ಅವಳನ್ನೇ ನೋಡುತ್ತಿದ್ದ, ಆವತ್ತು ನೋಡಿದ ಹಾಗೆಯೇ. ಈ ಸಲ ಅವಳು ಆ ನೋಟವನ್ನು ತಪ್ಪು ತಿಳಿಯಲಿಲ್ಲ.

ಹಿಡಿದರೆ ಸುಡುವುದು, ಗೊತ್ತಿದೆ ನನಗೆ,
ಒಡೆದದ್ದು ಕೂಡದು ಮೊದಲಿನ ಹಾಗೆ;
ಕಡೆಗೂ ಹಸಿವು ನಿನ್ನೊಲೆ ಕಡೆಗೆ
ನಡೆಸಿದರೇನು ಮಾಡಲಿ ಕೊನೆಗೆ?

ಬಾಲ್ಬಿನಾ ಬಾಯಿ ತೆರೆದಳು. ಹುಟ್ಟಿದಾಗಿನಿಂದ ಮಾತಿಗೆ ತಡವರಿಸದವಳಿಗೆ ಒಂದು ಪದವೂ ಸಿಗಲಿಲ್ಲ.

"ಸೋತಳು!" ಎಂದು ಚಿಕ್ಕಮ್ಮ ಎಲ್ಲರಿಗಿಂತ ಮೊದಲು ಕೂಗಿದಳು. ಅಷ್ಟು ಸಂತೋಷದಿಂದ ಮನೆಯವಳ ಸೋಲನ್ನು ಸಾರಿದವರು ಯಾರೂ ಇರಲಾರರು. "ಸೋತಳು ನಮ್ಮ ಹುಡುಗಿ! ರೊಟ್ಟಿ ಇಳಿಸ್ರಿ, ಧರ್ಮತಾಯಿ ಕುತ್ತಿಗೆ ಬಿದ್ದುಹೋಗುತ್ತೆ!"

ಹಿನೆಸ್ ರೊಟ್ಟಿ ಕುಯ್ದ. ಮೊದಲ ತುಂಡನ್ನು ಬಾಲ್ಬಿನಾಳಿಗೆ ಕೊಟ್ಟ. ಅವಳು ಅಲ್ಲೇ, ಎಲ್ಲರೆದುರು, ಅಳುತ್ತ ತಿಂದಳು. ತನ್ನ ಕೈರೊಟ್ಟಿಗೆ ಉಪ್ಪು ಹೆಚ್ಚಾಗಿದೆಯೋ ಕಣ್ಣೀರು ಬಿದ್ದಿದೆಯೋ ಅವಳಿಗೆ ತಿಳಿಯಲಿಲ್ಲ.

ಹೊತ್ತು ಇನ್ನೂ ಇಳಿದಿರಲಿಲ್ಲ. ಚೆಸ್ಟ್‌ನಟ್ ಮರಗಳ ನಡುವಿನ ಓಣಿಯಲ್ಲಿ ಇಬ್ಬರೂ ಭಟ್ಟಿಯ ಕಡೆ ನಡೆದರು. ಹಿಂದೆ ಮದುವೆ ಮನೆಯ ಬ್ಯಾಗ್‌ಪೈಪ್ ಸದ್ದು ಸಣ್ಣಗಾಗುತ್ತಿತ್ತು. ಪಕ್ಕಪಕ್ಕದಲ್ಲೇ ನಡೆದರೂ ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗವಿತ್ತು.

"ಆಸ್ತೂರಿಯಾಸ್?" ಎಂದು ಕೇಳಿದಳು.

"ಅಲ್ಲಿ ರೊಟ್ಟಿ ಹೇಗಿರುತ್ತೋ ಏನೋ," ಅಂದ ಹಿನೆಸ್.

ಅವಳಿಗೆ ನಗು ಬಂತು. ನಕ್ಕ ಕೂಡಲೇ ನಾಚಿಕೆಯಾಯಿತು. ತನಗೆ ನಗುವ ಹಕ್ಕು ಇಷ್ಟು ಬೇಗ ಬರಬಾರದು ಅನ್ನಿಸಿತು.

ಅವನು ನಿಂತ. "ಬಾಲ್ಬಿನಾ, ನಿನಗೊಂದು ಮಾತು ಹೇಳಬೇಕು. ಯಾರಿಗೂ ಹೇಳಿಲ್ಲ ಇದನ್ನ. ಕ್ರಿಸಾಂತೋಗೂ ಹೇಳಿಲ್ಲ."

ಅವಳು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಳು. "ಬೇಡ. ನಿಮ್ಮ ದಮ್ಮಯ್ಯ, ನನಗೆ ಹೇಳಬೇಡಿ. ನನ್ನನ್ನ ನಂಬಬೇಡಿ. ನನಗೇ ನನ್ನ ಮೇಲೆ ನಂಬಿಕೆ ಇಲ್ಲ."

"ನನಗೂ ಪೂರ್ತಿ ಇಲ್ಲ," ಅಂದ ಅವನು. "ಆದ್ರೆ ಹೇಳದೆ ಇದ್ರೆ ಅದು ಎಲ್ಲಿಂದ ಬರುತ್ತೆ?"

ಅವಳ ಕೈಗಳನ್ನು ಒಂದೊಂದಾಗಿ ಕಿವಿಯಿಂದ ತೆಗೆದ. ತೆಗೆದ ಕೈಗಳನ್ನು ಬಿಡಲಿಲ್ಲ. ಬಗ್ಗಿ, ಅವಳ ಕಿವಿಯ ಹತ್ತಿರ, ನಾಲ್ಕೈದು ಮಾತು ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಕೇಳಿ ಮುಗಿದ ಮೇಲೂ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

ಈಸ್ಟರ್ ಕಳೆದ ಮೇಲೆ ಅವರ ಮದುವೆಯಾಯಿತು. ಆಮೇಲೂ ಸಂತೆಯಲ್ಲಿ ಯಾರಾದರೂ ಆ ಹಳೆಯ ಪದ್ಯ ಗುನುಗಿದರೆ ಬಾಲ್ಬಿನಾ ಕೊಳ್ಳುವುದನ್ನು ಬಿಟ್ಟು ಎದ್ದು ಹೋಗುತ್ತಿದ್ದಳು. ಮುದುಕಿಯಾದ ಮೇಲೂ ಹಾಗೇ. ಓಣಿಯಲ್ಲಿ ಅವನು ಏನೋ ಹೇಳಿದ್ದನ್ನು ದೂರದಿಂದ ಕಂಡವರಿದ್ದರು. ಚಿಕ್ಕಮ್ಮ ಸಾಯುವವರೆಗೆ ಕೇಳಿದಳು. ಒಗೆಯುವ ಕಟ್ಟೆಯ ಹೆಂಗಸರು ಕೇಳಿದರು. ಬಾಗಿಲಲ್ಲಿ ಎದುರು ನಿಂತ ಹಾಡುಗಾರರು ಅವಳನ್ನು ರೇಗಿಸಿ, ಅಳಿಸಿ, ಸೋಲಿಸಿ ನೋಡಿದರು. ಹಿನೆಸ್ ಮೊದಲು ಹೋದ, ಹಿಂದೆ ಅವಳೂ ಹೋದಳು. ಮಕ್ಕಳು ಅವಳ ಹಾಸಿಗೆಯ ಪಕ್ಕ ಕುಳಿತು ಕೇಳಿದಾಗ ಇಲ್ಲ ಎಂಬಂತೆ ತಲೆಯಾಡಿಸಿದಳಂತೆ.

ಅವನು ಹೇಳಿದ್ದೇನು ಎಂದು ಈ ಊರಲ್ಲಿ ಇವತ್ತಿಗೂ ಒಬ್ಬರಿಗೂ ಗೊತ್ತಿಲ್ಲ.